ಲ್ಯಾಂಡ್‌ಲೈನ್ ಬಿಟ್ಟು ಫೈಬರ್ ಫೋನ್‌ಗೆ ಹೋಗಬಹುದಾ? ನಂಬರ್ ಉಳಿಯುತ್ತಾ, ಕರೆಂಟ್ ಹೋದರೆ ಏನು ಗತಿ?

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದಲ್ಲಿದ್ದೇವೆ. ಮನೆಗೆ ಲ್ಯಾಂಡ್‌ಲೈನ್ ಬಂದು ಇಪ್ಪತ್ತೈದು ವರ್ಷದ ಮೇಲಾಯಿತು. ಈಚೆಗೆ ಮಳೆ ಬಂದರೆ ಲೈನಿನಲ್ಲಿ ಗೊರಗೊರ ಸದ್ದು. ಜೋರು ಮಳೆಯಾದರೆ ವಾರಗಟ್ಟಲೆ ಡೆಡ್. ಲೈನ್‌ಮನ್ ಬಂದು ನೋಡಿ, "ಈ ಕೇಬಲ್ ಇನ್ನು ಸರಿ ಹೋಗಲ್ಲ ಮೇಡಂ, ಫೈಬರ್ ಹಾಕಿಸ್ಕೊಳ್ಳಿ, ಇಂಟರ್ನೆಟ್ ಮೇಲೇನೇ ಫೋನ್ ಬರುತ್ತೆ" ಅಂದರು. ಅತ್ತೆಗೆ 82 ವರ್ಷ. ಹಗಲು ಮನೆಯಲ್ಲಿ ಅವರೊಬ್ಬರೇ ಇರುತ್ತಾರೆ, ಮೊಬೈಲ್ ಅವರಿಗೆ ಒಗ್ಗಲಿಲ್ಲ. ಯಜಮಾನರದ್ದು ಮಂಡಿಪೇಟೆಯಲ್ಲಿ ಅಂಗಡಿ, ಹಳೇ ಗಿರಾಕಿಗಳು ಇವತ್ತಿಗೂ ಮನೆ ನಂಬರಿಗೇ ಫೋನ್ ಮಾಡುತ್ತಾರೆ. ಆ ನಂಬರ್ ಉಳಿಯುತ್ತಾ? ಕರೆಂಟ್ ಹೋದಾಗ ಫೋನ್ ನಡೆಯುತ್ತಾ? ಈಗಿರುವ ಫೋನನ್ನೇ ಹಾಕಬಹುದಾ? ಮಹಡಿ ಮೇಲೆ ಇನ್ನೊಂದು ಫೋನಿದೆ, ಅದರ ಕಥೆ ಏನು? ನಮಗೆ ಇಂಟರ್ನೆಟ್ ಅಷ್ಟಾಗಿ ಬೇಕಿಲ್ಲ.

ಉತ್ತರ: ಬದಲಾಯಿಸಿಕೊಳ್ಳಿ ಮೇಡಂ. ನೀರು ಕುಡಿದ ತಾಮ್ರದ ಕೇಬಲ್ ಹಿಂದೆ ಓಡಾಡುವುದರಲ್ಲಿ ಅರ್ಥವಿಲ್ಲ. ಆದರೆ ಹಾಕಿಸುವ ಮೊದಲೇ ಎರಡು ವಿಷಯ ಇತ್ಯರ್ಥ ಆಗಿರಬೇಕು. ಒಂದು ಕರೆಂಟ್, ಇನ್ನೊಂದು ನಂಬರ್. ಉಳಿದದ್ದೆಲ್ಲ ಒಂದು ಮಧ್ಯಾಹ್ನದ ಕೆಲಸ.

ಕರೆಂಟಿನದ್ದು ಮೊದಲು ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. ಹಳೇ ಲ್ಯಾಂಡ್‌ಲೈನ್ ಫೋನಿಗೆ ನಿಮ್ಮ ಮನೆಯ ಕರೆಂಟ್ ಬೇಕೇ ಇರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಸಾಲಾಗಿ ಜೋಡಿಸಿದ ದೊಡ್ಡ ಬ್ಯಾಟರಿಗಳಿರುತ್ತವೆ, ಅವುಗಳ ಹಿಂದೆ ಜನರೇಟರ್. ಅಲ್ಲಿಂದ 48 ವೋಲ್ಟ್ ಡಿಸಿ ಕರೆಂಟ್ ಆ ಎರಡು ತಾಮ್ರದ ತಂತಿಯಲ್ಲೇ ನಿಮ್ಮ ಮನೆಗೆ ಬರುತ್ತಿತ್ತು. ಮಾತೂ ಅದರಲ್ಲೇ, ಕರೆಂಟೂ ಅದರಲ್ಲೇ. ಬೆಲ್ ಹೊಡೆಯುವಾಗ ಅದೇ ತಂತಿಯಲ್ಲಿ ಸುಮಾರು 75 ವೋಲ್ಟ್ ಎಸಿ ಹರಿಯುತ್ತದೆ. ಕಂಬದ ಮೇಲೆ ಜಾಯಿಂಟ್ ಮಾಡುವಾಗ ಯಾರೋ ಫೋನ್ ಮಾಡಿ ಕೈಗೆ ಜುಮ್ ಅನ್ನಿಸಿಕೊಂಡ ಲೈನ್‌ಮನ್‌ಗಳು ಊರೂರಿಗೂ ಇದ್ದಾರೆ. ಇಡೀ ಬಡಾವಣೆ ಕತ್ತಲಾದರೂ ಮೂಲೆಯ ಫೋನ್ ಟ್ರಿಣ್ ಅನ್ನುತ್ತಿದ್ದ ಗುಟ್ಟು ಇದೇ.

ಫೈಬರ್ ಅಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಬರುತ್ತದೆ, ಕರೆಂಟ್ ಬರುವುದಿಲ್ಲ. ಆ ಬೆಳಕನ್ನು ಮಾತಾಗಿ ಬದಲಿಸಲು ನಿಮ್ಮ ಗೋಡೆ ಮೇಲೆ ಒಂದು ಪೆಟ್ಟಿಗೆ ಕೂರಿಸುತ್ತಾರೆ. ಅದರ ಹೆಸರು ಒಎನ್‌ಟಿ. ಜನ ಮೋಡೆಮ್ ಅಂತಲೂ ರೂಟರ್ ಅಂತಲೂ ಕರೆಯುತ್ತಾರೆ, ಏನು ಕರೆದರೂ ನಡೆಯುತ್ತದೆ. ನೀವು ರಿಸೀವರ್ ಎತ್ತಿದಾಗ ಕೇಳುವ ಡಯಲ್ ಟೋನ್ ಇನ್ನು ಮೇಲೆ ಎಕ್ಸ್‌ಚೇಂಜಿನದಲ್ಲ, ಆ ಪೆಟ್ಟಿಗೆಯದು. ಬೆಲ್ ಹೊಡೆಸುವುದೂ ಅದೇ. ಅಂದರೆ ಎಕ್ಸ್‌ಚೇಂಜಿನ ಅರ್ಧ ಕೆಲಸ ನಿಮ್ಮ ನಡುಮನೆಗೆ ಬಂದು ಕೂತಂತಾಯಿತು. ಅದಕ್ಕೆ ಕರೆಂಟ್ ಕೊಡುವ ಹೊಣೆಯೂ ಈಗ ನಿಮ್ಮದೇ. ಬೆಸ್ಕಾಂ ಕರೆಂಟ್ ತೆಗೆದ ಕ್ಷಣ ಆ ಪೆಟ್ಟಿಗೆ ಆರಿತು, ಫೋನೂ ಸತ್ತಿತು.

ಹೆದರಬೇಡಿ, ಇದಕ್ಕೆ ದಾರಿ ಇದೆ. ಆ ಪೆಟ್ಟಿಗೆ ತಿನ್ನುವುದು ಸುಮಾರು 10 ವಾಟ್, ಒಂದು ಎಲ್‌ಇಡಿ ಬಲ್ಬಿನಷ್ಟು. ಮನೆಯಲ್ಲಿ ಇನ್ವರ್ಟರ್ ಇದ್ದರೆ, ಅದರ ಲೈನಿಗೆ ಸೇರಿದ ಪ್ಲಗ್ ಪಾಯಿಂಟ್ ಎಲ್ಲಿದೆಯೋ ಅಲ್ಲೇ ಪೆಟ್ಟಿಗೆ ಕೂರಿಸಲು ಹೇಳಿ. ಹಾಕಲು ಬರುವ ಹುಡುಗರು ಫೈಬರ್ ಒಳಗೆ ಬರುವ ಕಿಟಕಿಯ ಪಕ್ಕದಲ್ಲೇ ಮುಗಿಸಿ ಹೋಗಲು ನೋಡುತ್ತಾರೆ. ಅಲ್ಲಿರುವ ಪ್ಲಗ್ ಇನ್ವರ್ಟರ್‌ದೋ ಅಲ್ಲವೋ ಅವರಿಗೆ ಗೊತ್ತಿರುವುದಿಲ್ಲ. ಮೇನ್ ಆಫ್ ಮಾಡಿ, ಯಾವ ಪ್ಲಗ್ ಜೀವಂತ ಇರುತ್ತದೆ ಅಂತ ನೀವೇ ಮುಂಚೆ ನೋಡಿಟ್ಟುಕೊಳ್ಳಿ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಗೆ ಈ 10 ವಾಟ್ ಲೆಕ್ಕಕ್ಕೇ ಇಲ್ಲ. ಫ್ಯಾನು, ಟಿವಿ ಬೇಕಾದರೆ ಬ್ಯಾಟರಿ ಇಳಿಸುತ್ತವೆ, ಫೋನ್ ಪೆಟ್ಟಿಗೆ ಅಲ್ಲ.

ಇನ್ವರ್ಟರ್ ಇದ್ದವರಿಗೆ ಇನ್ನೊಂದು ಕಿವಿಮಾತು. ಕರೆಂಟ್ ಹೋಗಿ ಇನ್ವರ್ಟರ್ ಎತ್ತಿಕೊಳ್ಳುವ ಆ ರೆಪ್ಪೆ ಬಡಿಯುವಷ್ಟು ಹೊತ್ತಿನಲ್ಲಿ ಕೆಲವು ಪೆಟ್ಟಿಗೆಗಳು ಆರಿ ಮತ್ತೆ ಹೊತ್ತಿಕೊಳ್ಳುತ್ತವೆ. ಹಾಗಾದರೆ ಎರಡು ಮೂರು ನಿಮಿಷ ಫೋನ್ ಇರುವುದಿಲ್ಲ, ಮಾತಾಡುತ್ತಿದ್ದ ಕರೆಯೂ ಕಟ್. ಸುಮಾರು ಇನ್ವರ್ಟರ್‌ಗಳಲ್ಲಿ ಒಂದು ಚಿಕ್ಕ ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್ ಅಂತ ಬರೆದಿರುತ್ತಾರೆ. ಅದನ್ನು ಆ ಕಡೆ ಹಾಕಿದರೆ ಬದಲಾವಣೆ ಬೇಗ ಆಗುತ್ತದೆ, ಪೆಟ್ಟಿಗೆಗೆ ಗೊತ್ತೇ ಆಗುವುದಿಲ್ಲ.

ಇನ್ವರ್ಟರ್ ಇಲ್ಲದಿದ್ದರೆ ರೂಟರ್‌ಗಂತಲೇ ಬರುವ ಮಿನಿ ಯುಪಿಎಸ್ ತಗೊಳ್ಳಿ. ಅಂಗೈಯಗಲದ ಡಬ್ಬಿ. ಅಡಾಪ್ಟರ್ ಮತ್ತು ಒಎನ್‌ಟಿ ನಡುವೆ ಕೂರುತ್ತದೆ. ಒಳ್ಳೆಯದಾದರೆ ಮೂರು ನಾಲ್ಕು ಗಂಟೆ ತಡೆಯುತ್ತದೆ. ಕೊಳ್ಳುವ ಮೊದಲು ಅಡಾಪ್ಟರ್ ಮೇಲಿನ ಸಣ್ಣಕ್ಷರ ಓದಿ. ಜಾಸ್ತಿ ಕಡೆ 12 ವೋಲ್ಟ್ ಇರುತ್ತದೆ, ಆದರೆ ಆಂಪಿಯರ್ 1, 1.5, 2 ಹೀಗೆ ಬೇರೆಬೇರೆ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟಾದರೂ ಇರಬೇಕು. ಅಂಗಡಿಗೆ ಹೋಗುವಾಗ ಆ ಅಡಾಪ್ಟರಿನ ಫೋಟೋ ತೆಗೆದುಕೊಂಡು ಹೋಗಿ ತೋರಿಸಿ, ಬಾಯಿ ಮಾತಿನಲ್ಲಿ ಹೇಳಬೇಡಿ. ಇದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ ಅನ್ನುವುದೂ ನೆನಪಿರಲಿ.

ಇಷ್ಟೆಲ್ಲ ಮಾಡಿದರೂ ಇನ್ನೊಂದು ತುದಿ ಉಳಿಯಿತು. ನಿಮ್ಮ ಗಾಜಿನ ಎಳೆ ಹೋಗಿ ಸೇರುವ ಯಂತ್ರಕ್ಕೆ ಓಎಲ್‌ಟಿ ಅಂತ ಹೆಸರು. ಅಲ್ಲಿಂದ ನಿಮ್ಮ ಮನೆವರೆಗೆ ನಡುವೆ ಎಲ್ಲೂ ಕರೆಂಟ್ ಬೇಕಿಲ್ಲ. ಕಂಬದ ಮೇಲಿನ ಸ್ಪ್ಲಿಟರ್ ಡಬ್ಬಿ ಬರೀ ಬೆಳಕನ್ನು ಕವಲು ಒಡೆಯುತ್ತದೆ. ಆದರೆ ಓಎಲ್‌ಟಿಗೆ ಕರೆಂಟ್ ಬೇಕೇ ಬೇಕು. ಅದು ಎಕ್ಸ್‌ಚೇಂಜಿನಲ್ಲಿದ್ದರೆ ಬ್ಯಾಟರಿ, ಜನರೇಟರ್ ಇರುತ್ತದೆ. ಎಷ್ಟೋ ಕಡೆ ಕಂಪನಿಯ ಪರವಾಗಿ ಲೋಕಲ್ ಕೇಬಲ್‌ನವರು, ಫ್ರಾಂಚೈಸಿಯವರು ಫೈಬರ್ ಕೊಡುತ್ತಾರೆ. ಅವರ ಓಎಲ್‌ಟಿ ಅವರ ಅಂಗಡಿಯ ಅಟ್ಟದಲ್ಲೋ ಮೆಟ್ಟಿಲ ಕೆಳಗೋ ಇರಬಹುದು. ಅವರ ಬ್ಯಾಟರಿ ಮುಗಿದರೆ ನಿಮ್ಮ ಇನ್ವರ್ಟರ್ ಎಷ್ಟೇ ಗಟ್ಟಿ ಇದ್ದರೂ ಫೋನ್ ಡೆಡ್. ಸ್ಪೀಡ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನೀವು "ನಿಮ್ಮ ಓಎಲ್‌ಟಿ ಎಲ್ಲಿದೆ, ಕರೆಂಟ್ ಹೋದರೆ ಎಷ್ಟು ಗಂಟೆ ನಡೆಯುತ್ತೆ?" ಅಂತ ಕೇಳಿ. ಉತ್ತರ ಕೊಡಲು ತಡವರಿಸಿದರೆ ಪಕ್ಕದ ಮನೆಯವರನ್ನು ವಿಚಾರಿಸಿ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ ಈಗಾಗಲೇ ಕಾರ್ಡ್‌ಲೆಸ್ ಫೋನ್ ಇದ್ದರೆ, ಕರೆಂಟ್ ಹೋದಾಗ ಅದು ನಡೆಯುತ್ತಿರಲಿಲ್ಲ ಅಲ್ವಾ? ಅದರ ಬೇಸ್‌ಗೆ ಕರೆಂಟ್ ಬೇಕಿತ್ತಲ್ಲ. ಅಂಥ ಮನೆಯವರು ಹೊಸದಾಗಿ ಕಳೆದುಕೊಳ್ಳುವುದು ಏನೂ ಇಲ್ಲ. ವೈರ್ ಇರುವ ಫೋನಿನವರಿಗೆ ಮಾತ್ರ ಇದು ನಿಜವಾದ ಬದಲಾವಣೆ.

ಈಗ ನಂಬರ್. ಮೊಬೈಲ್ ನಂಬರ್ ಇಟ್ಟುಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶಕ್ಕೆಲ್ಲ ಬಂದದ್ದು 2011ರ ಜನವರಿಯಲ್ಲಿ. ಅದು ಮೊಬೈಲಿಗೆ ಮಾತ್ರ. ಲ್ಯಾಂಡ್‌ಲೈನ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ವ್ಯವಸ್ಥೆ ನಮ್ಮಲ್ಲಿಲ್ಲ. ಹಾಗಾಗಿ ನಿಮ್ಮೂರಿನ ಎಸ್‌ಟಿಡಿ ಕೋಡ್ 08192 ಆದಮೇಲೆ 2ರಿಂದ ಶುರುವಾಗುವ ನಿಮ್ಮ ಆರಂಕಿ ನಂಬರ್ ಉಳಿಯಬೇಕಾದರೆ, ಆ ನಂಬರ್ ಕೊಟ್ಟ ಕಂಪನಿಯಲ್ಲೇ ಫೈಬರ್ ತಗೊಳ್ಳಬೇಕು. ನಮ್ಮ ಕಡೆ 2ರಿಂದ ಶುರುವಾಗುವುದೆಲ್ಲ ಬಿಎಸ್‌ಎನ್‌ಎಲ್ ನಂಬರ್. ತಾಮ್ರದಿಂದ ಫೈಬರ್‌ಗೆ ಅದೇ ನಂಬರಿನಲ್ಲಿ ಬದಲಾಯಿಸುವ ವ್ಯವಸ್ಥೆ ಅಲ್ಲಿ ಇದೆ. ಜಿಯೋ, ಏರ್‌ಟೆಲ್ ಫೈಬರ್ ಜೊತೆಗೂ ಫೋನ್ ಬರುತ್ತದೆ, ಆದರೆ ಅವರು ಕೊಡುವುದು ಹೊಸ ನಂಬರ್. ಮಾರಲು ಬಂದ ಹುಡುಗ "ಹಳೇ ನಂಬರ್ ಮಾಡಿಸಿಕೊಡ್ತೀನಿ ಬಿಡಿ ಆಂಟಿ" ಅಂದರೆ ನಂಬಬೇಡಿ. ಅವನ ಕೈಯಲ್ಲಿ ಅದಿಲ್ಲ.

ಯಜಮಾನರ ಗಿರಾಕಿಗಳ ವಿಷಯ ಹೇಳಿದ್ದೀರಿ. ಅದೊಂದೇ ಕಾರಣ ಸಾಕು, ಹಳೇ ಕಂಪನಿಯಲ್ಲೇ ಇರಿ. ಸುತ್ತಲ ಊರಿನ ವ್ಯಾಪಾರಸ್ಥರು ಆ ನಂಬರನ್ನು ಲೆಕ್ಕದ ಪುಸ್ತಕದ ರಟ್ಟಿನ ಮೇಲೋ ಗೋಡೆ ಮೇಲೋ ಬರೆದುಕೊಂಡಿರುತ್ತಾರೆ. ಮೊಬೈಲ್ ನಂಬರ್ ಬದಲಾದರೆ ವಾಟ್ಸಾಪಿನಲ್ಲಿ ತಿಳಿಸಬಹುದು, ರಟ್ಟಿಗೆ ಯಾರು ತಿಳಿಸುತ್ತಾರೆ? ಅರ್ಜಿ ಕೊಡುವಾಗ "ಇದೇ ನಂಬರ್ ಉಳಿಸಿ ಫೈಬರ್‌ಗೆ ಬದಲಾವಣೆ" ಅಂತ ಅರ್ಜಿಯಲ್ಲೇ ಬರೆಸಿ. ಹೊಸ ಕನೆಕ್ಷನ್ ಅಂತ ದಾಖಲಾಗಿಬಿಟ್ಟರೆ ಹೊಸ ನಂಬರ್ ಬರುತ್ತದೆ, ಆಮೇಲೆ ತಿದ್ದಿಸಲು ನಾಲ್ಕು ಸಲ ಅಲೆಯಬೇಕು. ಲೈನ್ ಮಾವನವರ ಹೆಸರಿನಲ್ಲಿದ್ದು ಅವರು ಈಗ ಇಲ್ಲದಿದ್ದರೆ, ಹೆಸರು ಬದಲಾವಣೆ ಮೊದಲು ಮುಗಿಸಿ. ಎರಡನ್ನೂ ಒಟ್ಟಿಗೆ ಹಚ್ಚಿದರೆ ಎರಡೂ ನಿಲ್ಲುತ್ತವೆ.

ಅದೇ ನಂಬರ್ ಅಂದಮೇಲೆ ಒಂದು ಸಣ್ಣ ಅಂತರ ಬಂದೇ ಬರುತ್ತದೆ. ಹೊಸ ಪೆಟ್ಟಿಗೆಯಲ್ಲಿ ನಂಬರ್ ಚಾಲೂ ಆಗುವಾಗ ಹಳೇ ಲೈನಿನಲ್ಲಿ ಅದು ನಿಲ್ಲುತ್ತದೆ. ಕೆಲವೊಮ್ಮೆ ಇಂಟರ್ನೆಟ್ ಬೆಳಗ್ಗೆಯೇ ಬಂದಿರುತ್ತದೆ, ಫೋನ್ ಮಾರನೇ ದಿನ ಜೀವ ಪಡೆಯುತ್ತದೆ. ಆ ಹೊತ್ತು ಅತ್ತೆಯ ಹತ್ತಿರ ಯಾರಾದರೂ ಇರುವ ಹಾಗೆ ನೋಡಿಕೊಳ್ಳಿ.

ಹಳೇ ಫೋನ್ ಇನ್‌ಸ್ಟ್ರುಮೆಂಟ್ ನಡೆಯುತ್ತದೆ. ಒಎನ್‌ಟಿ ಹಿಂಬದಿಯಲ್ಲಿ ಟೆಲ್ ಅಂತಲೋ ಫೋನ್ ಅಂತಲೋ ಬರೆದ ಚಿಕ್ಕ ಕಿಂಡಿ ಇರುತ್ತದೆ. ಈಗಿನ ಫೋನ್ ವೈರನ್ನೇ ಅದಕ್ಕೆ ಚುಚ್ಚಬಹುದು. ಆದರೆ ಎಚ್ಚರ, ಕೆಲವು ಅಗ್ಗದ ಪೆಟ್ಟಿಗೆಗಳಲ್ಲಿ ಆ ಕಿಂಡಿಯೇ ಇರುವುದಿಲ್ಲ, ಬರೀ ಇಂಟರ್ನೆಟ್ಟಿನ ಕಿಂಡಿಗಳಿರುತ್ತವೆ. ಪೆಟ್ಟಿಗೆ ಗೋಡೆಗೆ ಮೊಳೆ ಹೊಡೆಯುವ ಮೊದಲೇ ತಿರುಗಿಸಿ ನೋಡಿ. ಬೆರಳು ಹಾಕಿ ತಿರುಗಿಸುವ ಡಯಲ್ ಫೋನ್ ಇಟ್ಟುಕೊಂಡಿದ್ದರೆ ಕರೆ ಬರುತ್ತದೆ, ಆದರೆ ಅದರಿಂದ ನಂಬರ್ ಹೋಗದಿರುವುದೇ ಜಾಸ್ತಿ. ಹೊಸ ಪೆಟ್ಟಿಗೆಗಳಿಗೆ ಟೋನ್ ಭಾಷೆ ಗೊತ್ತು, ಆ ಟಕಟಕ ಪಲ್ಸ್ ಎಷ್ಟೋ ಪೆಟ್ಟಿಗೆಗಳಿಗೆ ತಿಳಿಯುವುದಿಲ್ಲ. ಗುಂಡಿ ಒತ್ತುವ ಫೋನಿನಲ್ಲೂ ಕೆಳಗಡೆ ಪಿ ಮತ್ತು ಟಿ ಅಂತ ಸ್ವಿಚ್ ಇದ್ದರೆ ಟಿ ಕಡೆಗೇ ಇರಲಿ. ಫೋನಿನ ಪರದೆಯಲ್ಲಿ ಕರೆ ಮಾಡಿದವರ ನಂಬರ್ ಕಾಣಿಸದಿದ್ದರೆ ಫೋನ್ ಕೆಟ್ಟಿಲ್ಲ. ನಂಬರ್ ಕಳಿಸುವ ಬಗೆ ಎರಡಿವೆ, ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ ಇನ್ನೊಂದಕ್ಕೆ ಹಾಕಲು ಹೇಳಿದರೆ ಸರಿಹೋಗುತ್ತದೆ.

ಅತ್ತೆಗೆ ಕಿವಿ ಸ್ವಲ್ಪ ಮಂದ ಇದ್ದರೆ ಅದನ್ನೂ ಹೇಳಿ. ಪೆಟ್ಟಿಗೆಯಲ್ಲಿ ದನಿ ಏರಿಸುವ ಸೆಟ್ಟಿಂಗ್ ಇರುತ್ತದೆ. ಹಾಕಲು ಬಂದವರಿಗೆ ಗೊತ್ತಿಲ್ಲದಿದ್ದರೆ ಅವರ ಮೇಲಿನವರಿಗೆ ಗೊತ್ತಿರುತ್ತದೆ. ಅತ್ತೆಯ ಕೈಗೆ ಒಗ್ಗಿದ ಫೋನನ್ನೇ ಅದೇ ಜಾಗದಲ್ಲಿ ಇಡಿ. ಹೊಸ ಫೋನ್ ತಂದು ಕೊಡುವ ಉತ್ಸಾಹ ಬೇಡ.

ಮಹಡಿ ಫೋನಿನ ಮಾತಿಗೆ ಬರೋಣ. ಈಗ ಹೊರಗಿನ ತಂತಿ ಗೋಡೆಯ ಮೇಲಿನ ಒಂದು ಚಿಕ್ಕ ಡಬ್ಬಿಗೆ ಬರುತ್ತದೆ. ಅದೇ ರೋಸೆಟ್ ಬಾಕ್ಸ್. ಅಲ್ಲಿಂದ ಒಂದು ಜೋಡಿ ಕೆಳಗಿನ ಫೋನಿಗೆ, ಇನ್ನೊಂದು ಮಹಡಿಗೆ ಹೋಗಿರುತ್ತದೆ. ಮಾಡಬೇಕಾದ್ದು ಇಷ್ಟೇ. ಆ ಡಬ್ಬಿ ತೆರೆದು, ಹೊರಗಿನಿಂದ ಬರುವ ಜೋಡಿಯನ್ನು ಬಿಚ್ಚಿ ತುದಿಗೆ ಟೇಪ್ ಸುತ್ತಿ ಬಿಡಬೇಕು. ಆಮೇಲೆ ಒಎನ್‌ಟಿಯ ಟೆಲ್ ಕಿಂಡಿಯಿಂದ ಒಂದು ವೈರ್ ತಂದು ಅದೇ ಸ್ಕ್ರೂಗಳಿಗೆ ಕೊಡಬೇಕು. ಮಹಡಿ ಫೋನ್ ಮೊದಲಿನಂತೆಯೇ ನಡೆಯುತ್ತದೆ. ಮೊದಲು ಬಿಚ್ಚುವುದು, ಆಮೇಲೆ ಜೋಡಿಸುವುದು. ಈ ಕ್ರಮ ತಪ್ಪಬಾರದು. ಎಕ್ಸ್‌ಚೇಂಜಿನ ಕರೆಂಟ್ ಇನ್ನೂ ಇರುವ ತಂತಿಗೆ ಹೊಸ ಪೆಟ್ಟಿಗೆ ಸೇರಿಸಿದರೆ ಅದರ ಫೋನ್ ಕಿಂಡಿ ಸುಟ್ಟುಹೋಗಬಹುದು. ಆ ತಂತಿ ಸತ್ತೇ ಹೋಗಿದ್ದರೂ ಸಿಡಿಲಿನ ಹೊಡೆತವನ್ನು ಒಳಗೆ ತರುವುದು ಅದೇ. ಒಂದೇ ಕಿಂಡಿಗೆ ಎರಡು ಮೂರು ಫೋನ್ ಸಾಕು, ಅದಕ್ಕಿಂತ ಜಾಸ್ತಿಯಾದರೆ ಬೆಲ್ ನರಳುತ್ತದೆ.

ಸಿಡಿಲು ಅಂದಾಗ ನೆನಪಾಯಿತು. ನಮ್ಮ ಕಡೆ ಏಪ್ರಿಲ್, ಮೇ ಬಂತೆಂದರೆ ಗುಡುಗು ಮಳೆ. ತಾಮ್ರದ ಲೈನಿನಲ್ಲಿ ಎಷ್ಟು ಫೋನು, ಮೋಡೆಮ್ ಹಾರಿಹೋಗಿವೆಯೋ. ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ, ಅದು ಫೈಬರಿನ ದೊಡ್ಡ ಲಾಭ. ಆದರೆ ಕಂಬದಿಂದ ಮನೆಗೆ ಎಳೆಯುವ ಕೇಬಲ್ಲಿನಲ್ಲಿ ಭಾರ ತಡೆಯಲು ಪಕ್ಕದಲ್ಲಿ ಒಂದು ಉಕ್ಕಿನ ತಂತಿ ಇರುವುದುಂಟು. ಅದನ್ನು ಹೊರಗಿನ ಗೋಡೆಯ ಕೊಕ್ಕೆಗೆ ಕಟ್ಟಿ ಅಲ್ಲೇ ಕತ್ತರಿಸಿ, ಬರೀ ಫೈಬರ್ ಭಾಗವನ್ನು ಒಳಗೆ ತರಲು ಹೇಳಿ.

ಇಂಟರ್ನೆಟ್ ಅಷ್ಟಾಗಿ ಬೇಕಿಲ್ಲ ಅಂದಿರಿ. ಪರವಾಗಿಲ್ಲ, ಅತಿ ಕಡಿಮೆ ಪ್ಲಾನ್ ಸಾಕು. ಒಂದು ಫೋನ್ ಕರೆಗೆ ಸೆಕೆಂಡಿಗೆ 100 ಕಿಲೋಬಿಟ್‌ಗಿಂತ ಕಡಿಮೆ ಸಾಕು. 30 ಎಂಬಿಪಿಎಸ್ (ಅಂದರೆ ಸೆಕೆಂಡಿಗೆ 30,000 ಕಿಲೋಬಿಟ್) ಪ್ಲಾನಿನಲ್ಲಿ ಅದು ಮುನ್ನೂರರಲ್ಲಿ ಒಂದು ಪಾಲೂ ಅಲ್ಲ. ಮೇಲಾಗಿ ಕಂಪನಿಯ ಫೋನ್ ಕರೆಗೆ ಒಳಗಡೆ ಬೇರೆಯೇ ಹಾದಿ ಮಾಡಿರುತ್ತಾರೆ. ಮೊಮ್ಮಕ್ಕಳು ರಜೆಗೆ ಬಂದು ಇಡೀ ದಿನ ಯೂಟ್ಯೂಬ್ ಹಚ್ಚಿ, ಡೇಟಾ ಮುಗಿದು ಸ್ಪೀಡ್ ಇಳಿದರೂ ಅತ್ತೆಯ ಮಾತು ತುಂಡಾಗುವುದಿಲ್ಲ. ವೈ-ಫೈ ಬೇಡವೇ ಬೇಡ ಅಂದರೆ ಅದನ್ನು ಆರಿಸಿಡಬಹುದು. ಫೋನ್ ವೈರಿನಲ್ಲಿರುವುದರಿಂದ ಅದಕ್ಕೇನೂ ಆಗುವುದಿಲ್ಲ.

ದುಡ್ಡಿನ ಲೆಕ್ಕದಲ್ಲಿ ಎರಡೇ ಮಾತು. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಹಾಕುವ ರೇಟಿನ ಮೇಲೆ ಶೇ. 18 ಜಿಎಸ್‌ಟಿ ಸೇರುತ್ತದೆ, ಮನೆಬಜೆಟ್ಟಿಗೆ ಅದನ್ನೂ ಸೇರಿಸಿಕೊಳ್ಳಿ. ಪ್ರಿಪೇಯ್ಡ್ ಪ್ಲಾನ್ ಆದರೆ ಅವಧಿ ಮುಗಿದ ದಿನ ಇಂಟರ್ನೆಟ್ ಜೊತೆ ಫೋನೂ ನಿಲ್ಲುತ್ತದೆ. ಹಳೇ ಲ್ಯಾಂಡ್‌ಲೈನಿನಲ್ಲಿ ಬಿಲ್ ತಡವಾದರೆ ಮೊದಲು ಹೊರಹೋಗುವ ಕರೆ ನಿಲ್ಲಿಸುತ್ತಿದ್ದರು, ಒಳಬರುವುದು ಸ್ವಲ್ಪ ದಿನ ಇರುತ್ತಿತ್ತು. ಆ ಸಲಿಗೆ ಇಲ್ಲಿಲ್ಲ. ವಯಸ್ಸಾದವರ ಮನೆಗೆ ಪೋಸ್ಟ್‌ಪೇಯ್ಡ್ ಒಳ್ಳೆಯದು, ಇಲ್ಲವೇ ಆರು ತಿಂಗಳದ್ದೋ ವರ್ಷದ್ದೋ ಒಟ್ಟಿಗೆ ಕಟ್ಟಿಬಿಡಿ.

ನಿಮ್ಮ ಜಾಗದಲ್ಲಿ ಬೇರೆ ಯಾರಾದರೂ ಇದ್ದು, ನಂಬರಿನ ಹಂಗಿಲ್ಲ, ಇಂಟರ್ನೆಟ್ಟೂ ಬೇಡ, ಬರೀ ಅಜ್ಜಿಗೊಂದು ಫೋನ್ ಬೇಕು ಅಂದಿದ್ದರೆ ನಾನು ಫೈಬರ್ ಹೇಳುತ್ತಲೇ ಇರಲಿಲ್ಲ. ಸಿಮ್ ಹಾಕುವ ಟೇಬಲ್ ಫೋನ್ ಸಿಗುತ್ತದೆ. ನೋಡಲು ಥೇಟ್ ಲ್ಯಾಂಡ್‌ಲೈನ್, ಒಳಗೆ ಮೊಬೈಲ್. ಬ್ಯಾಟರಿಯೂ ಅದರಲ್ಲೇ ಇರುತ್ತದೆ. ಕೊಳ್ಳುವಾಗ 4ಜಿ ಇದೆಯಾ ನೋಡಬೇಕು, ಯಾಕೆಂದರೆ ಬರೀ 2ಜಿ ಫೋನಿಗೆ ಜಿಯೋ ಸಿಮ್ ನಡೆಯುವುದಿಲ್ಲ. ಜಗಳೂರು, ಹೊಸದುರ್ಗದ ಕಡೆಯ ಹಳ್ಳಿಗಳಲ್ಲಿ ಫೈಬರ್ ಇನ್ನೂ ಮನೆ ಬಾಗಿಲಿಗೆ ಬಾರದವರಿಗೂ ಇದೇ ಸುಲಭ. ಇನ್ನು ಮಗನೋ ಮಗಳೋ ಅಮೆರಿಕದಿಂದ ತರುವ ಇಂಟರ್ನೆಟ್ ಫೋನ್ ಪೆಟ್ಟಿಗೆಗಳಿವೆಯಲ್ಲ, ಅವು 08192 ನಂಬರ್ ಕೊಡಲಾರವು. ಅವನ್ನು ನಂಬಿ ಲ್ಯಾಂಡ್‌ಲೈನ್ ಬಿಡಬೇಡಿ.

ಹಾಕುವ ದಿನ ನೀವು ಎದುರಿಗೇ ಇರಿ. ಗಾಜಿನ ಎಳೆಯ ನಡುವೆ ಬೆಳಕು ಹರಿಯುವ ಭಾಗ ಒಂಬತ್ತು ಮೈಕ್ರಾನ್, ಕೂದಲೆಳೆಗಿಂತಲೂ ಎಷ್ಟೋ ತೆಳು. ಕೇಬಲ್ಲನ್ನು ಮೂಲೆಯಲ್ಲಿ ಮಡಿಚಿ ಮೊಳೆ ಹೊಡೆದರೆ ಅಲ್ಲಿ ಬೆಳಕು ಸೋರುತ್ತದೆ. ಉಳಿದ ಕೇಬಲ್ಲನ್ನು ಸುತ್ತಿಡುವಾಗ ನಿಮ್ಮ ಕೈಬಳೆಗಿಂತ ಚಿಕ್ಕ ಸುರುಳಿ ಮಾಡಲು ಬಿಡಬೇಡಿ. ಕೆಲಸ ಮುಗಿದ ಮೇಲೆ ಅವರ ಹತ್ತಿರ ಇರುವ ಮೀಟರಿನಲ್ಲಿ ಬೆಳಕು ಎಷ್ಟು ಬರುತ್ತಿದೆ ಅಂತ ತೋರಿಸಲು ಕೇಳಿ. ಮೈನಸ್ 20ರ ಆಸುಪಾಸು ಇದ್ದರೆ ನಿಶ್ಚಿಂತೆ. ಮೈನಸ್ 27ಕ್ಕೆ ಹತ್ತಿರ ಇದ್ದರೆ ಇವತ್ತು ನಡೆಯುತ್ತದೆ, ಮುಂದೊಂದು ದಿನ ಕೈ ಕೊಡುತ್ತದೆ. ಜಾಯಿಂಟ್ ಮತ್ತೆ ಮಾಡಲು ಅಲ್ಲೇ ಹೇಳಿ, ಅವರು ಗಾಡಿ ಹತ್ತಿದ ಮೇಲೆ ಅಲ್ಲ. ಆ ಅಂಕಿಯನ್ನು ಪೆಟ್ಟಿಗೆಯ ಮಗ್ಗುಲಲ್ಲಿ ಪೆನ್ನಿನಿಂದ ಬರೆದಿಡಿ, ಮುಂದೆ ಕಂಪ್ಲೇಂಟ್ ಕೊಡುವಾಗ ಮಾತಿಗೆ ಆಧಾರ ಇರುತ್ತದೆ.

ಪೆಟ್ಟಿಗೆಗೆ ಸೇರುವ ಹಸಿರು ತುದಿಯನ್ನು ಮನೆಯವರು ಯಾರೂ ಕಿತ್ತು ನೋಡಬಾರದು. ಸೀರೆ ಸೆರಗಿನಿಂದ ಒರೆಸಿದರೂ ಧೂಳು ಕೂತು ಬೆಳಕು ಮಂಕಾಗುತ್ತದೆ. ಒಳಗೆ ಕಣ್ಣಿಟ್ಟು ನೋಡುವುದಂತೂ ಬೇಡವೇ ಬೇಡ, ಆ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಕೆಲಸದವರಿಗೂ ಒಂದು ಮಾತು ಹೇಳಿಡಿ. ಕಸ ಗುಡಿಸುವಾಗ, ಮಿಕ್ಸಿ ಹಚ್ಚುವಾಗ ಆ ಪ್ಲಗ್ ಕೀಳುವುದು ಎಲ್ಲ ಮನೆಗಳಲ್ಲೂ ನಡೆಯುವ ಕಥೆ.

ಫೋನ್ ಸುಮ್ಮನಾದರೆ ಮೊದಲು ದೀಪ ನೋಡಿ. ಪವರ್ ದೀಪ ಇಲ್ಲದಿದ್ದರೆ ಪ್ಲಗ್ಗೋ ಅಡಾಪ್ಟರ್ರೋ. ಪಾನ್ (PON) ಅಂತ ಬರೆದ ದೀಪ ಹಸಿರಾಗಿ ನಿಂತಿರಬೇಕು. ಎಲ್‌ಒಎಸ್ (LOS) ಅನ್ನುವ ದೀಪ ಕೆಂಪಗೆ ಮಿಣುಕುತ್ತಿದ್ದರೆ ಹೊರಗೆಲ್ಲೋ ಫೈಬರ್ ತುಂಡಾಗಿದೆ ಅಥವಾ ಅವರ ಕಡೆ ಕರೆಂಟ್ ಹೋಗಿದೆ. ನೀವು ಸ್ವಿಚ್ ಆಫ್-ಆನ್ ಮಾಡುತ್ತಾ ಕೂತರೆ ಪ್ರಯೋಜನವಿಲ್ಲ. ರಸ್ತೆ ಅಗೆಯುವ ಜೆಸಿಬಿ, ಮಂಗ, ಕೊಂಬೆ ಕಡಿಯುವವರು, ಇವರೇ ಮುಖ್ಯ ಶತ್ರುಗಳು. ಕಂಪ್ಲೇಂಟ್ ಕೊಟ್ಟು ಡಾಕೆಟ್ ನಂಬರ್ ಬರೆದುಕೊಳ್ಳಿ. ಪಾನ್ ದೀಪ ಸರಿಯಿದ್ದು ಫೋನ್ ದೀಪ ಮಾತ್ರ ಆರಿದ್ದರೆ ಪೆಟ್ಟಿಗೆ ಅರ್ಧ ನಿಮಿಷ ಆರಿಸಿ ಹಚ್ಚಿ, ಮೂರು ನಿಮಿಷ ಕಾಯಿರಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಅತ್ತೆಯ ಮಟ್ಟಿಗೆ ಬದಲಾಗುವುದು ಏನೂ ಇಲ್ಲ ಅಂದರೂ ನಡೆದೀತು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಒತ್ತಬೇಕಲ್ಲ, ಅದು ಇಲ್ಲೂ ಹಾಗೇ. ಊರೊಳಗಿನ ಆರಂಕಿ ನಂಬರ್ ನೇರ ಹೋಗುತ್ತಾ, ಮುಂದೆ 08192 ಸೇರಿಸಬೇಕಾ ಅಂತ ಮೊದಲ ದಿನವೇ ಒತ್ತಿ ನೋಡಿ. ಯಜಮಾನರ ಮೊಬೈಲ್, ನಿಮ್ಮ ಡಾಕ್ಟರ್ ನಂಬರ್, ಆಂಬುಲೆನ್ಸಿನ 108, ತುರ್ತಿನ 112, ಇಷ್ಟನ್ನು ದಪ್ಪಕ್ಷರದಲ್ಲಿ ಬರೆದು ಫೋನಿನ ಮೇಲೆ ಅಂಟಿಸಿ. ಮನೆ ಫೋನ್ ಎತ್ತದಿದ್ದರೆ ಕರೆ ಯಜಮಾನರ ಮೊಬೈಲಿಗೆ ಹೋಗುವ ಹಾಗೆ ಕಾಲ್ ಫಾರ್ವರ್ಡ್ ಕೇಳಿ ಹಾಕಿಸಿ. ಅಂಗಡಿಯ ಕರೆಗೂ ಅನುಕೂಲ. ಕರೆಂಟ್ ಹೇಗಿದ್ದರೂ ಕೈಕೊಡುವ ದಿನ ಇದ್ದೇ ಇರುತ್ತದೆ, ಅದಕ್ಕೆ ಗುಂಡಿಯಿರುವ ಒಂದು ಸಾದಾ ಮೊಬೈಲನ್ನು ಚಾರ್ಜ್ ಮಾಡಿ ಅದೇ ಟೇಬಲ್ಲಿನ ಡ್ರಾಯರಿನಲ್ಲಿ ಇಟ್ಟಿರಿ.

ಈ ಬದಲಾವಣೆಯ ಸುದ್ದಿ ಹರಡಿದ ಹಾಗೆ ಮೋಸಗಾರರ ಕರೆಗಳೂ ಬರುತ್ತವೆ. "ಟ್ರಾಯ್‌ನಿಂದ ಮಾತಾಡ್ತಿದ್ದೇವೆ, ಎರಡು ಗಂಟೆಯಲ್ಲಿ ನಿಮ್ಮ ಫೋನ್ ಬಂದ್, 9 ಒತ್ತಿ" ಅಂತ. ಟ್ರಾಯ್ ಅಂದರೆ ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ, ಅದು ಯಾರ ಫೋನನ್ನೂ ಕಟ್ ಮಾಡುವುದಿಲ್ಲ, ಅಂಥ ಕರೆಯನ್ನೂ ಮಾಡುವುದಿಲ್ಲ. ಅತ್ತೆಗೆ ಒಂದೇ ಮಾತು ಹೇಳಿಕೊಡಿ: ಯಾರು ಏನೇ ಅಂದರೂ "ಮಗ ಬಂದ ಮೇಲೆ ಮಾಡಿ" ಅಂತ ಇಟ್ಟುಬಿಡಲಿ. ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು.

ಕೊನೆಗೆ ಹಳೇ ಲೈನಿನ ಲೆಕ್ಕ. ಕನೆಕ್ಷನ್ ತಗೊಳ್ಳುವಾಗ ಕಟ್ಟಿದ ಡಿಪಾಸಿಟ್ ಇನ್ನೂ ಅವರ ಹತ್ತಿರವೇ ಇರುತ್ತದೆ. ಅದೇ ಕಂಪನಿಯ ಫೈಬರ್‌ಗೆ ಹೋಗುವಾಗ ಅದನ್ನು ಹೊಸ ಖಾತೆಗೆ ಹೊಂದಿಸುತ್ತಾರಾ, ವಾಪಸ್ ಕೊಡುತ್ತಾರಾ ಕೇಳಿ ಬರೆಸಿಕೊಳ್ಳಿ. ಹಳೇ ಬಿಲ್ಲಿನ ಬಾಕಿ ಏನೂ ಇಲ್ಲ ಅಂತ ರಸೀದಿ ತಗೊಳ್ಳಿ. ಕಂಪನಿ ಕೊಟ್ಟ ಫೋನ್ ವಾಪಸ್ ಕೊಟ್ಟರೆ ಅದಕ್ಕೂ ಸಹಿ ಹಾಕಿಸಿಕೊಳ್ಳಿ. ಬೇರೆ ಕಂಪನಿಗೆ ಹೋಗುವವರಾದರೆ ಹೊಸ ಫೋನ್ ಬಂದ ದಿನವೇ ಹಳೆಯದನ್ನು ಸರೆಂಡರ್ ಮಾಡಬಾರದು. ಒಂದೆರಡು ತಿಂಗಳು ಎರಡೂ ಇರಲಿ, ಒಂದು ಮಳೆ ಕಳೆದು ಹೊಸದು ಹೇಗೆ ನಡೆಯುತ್ತದೆ ನೋಡಿಕೊಂಡು ಆಮೇಲೆ ಅರ್ಜಿ ಕೊಡಬೇಕು. ಅರ್ಜಿಯ ಜೊತೆಗೇ ಬ್ಯಾಂಕ್ ಖಾತೆಯ ವಿವರ ಮತ್ತು ರದ್ದು ಮಾಡಿದ ಚೆಕ್ಕಿನ ಹಾಳೆ ಇರಲಿ, ಇಲ್ಲದಿದ್ದರೆ ಡಿಪಾಸಿಟ್ ಹಣ ಫೈಲಿನಲ್ಲೇ ಮಲಗಿರುತ್ತದೆ.